ಜೊತೆಗೆ ಯಾರು ಬರ್ತಾರೆ?

ದೊಡ್ಡಬಳ್ಳಾಪುರದ ಕಡೆಯ ಹಳ್ಳಿಯಾಗಲಿ, ಹೊಸಕೋಟೆ ಕಡೆಯದಾಗಲಿ, ಅಂಗವೈಕಲ್ಯ ಇರುವವರ ಮನೆಯಲ್ಲಿ ಮಾತಿಗೆ ಕುಳಿತರೆ ಅದು ಸುತ್ತಿ ಬಳಸಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ‘ಜೊತೆಗೆ ಯಾರು ಬರ್ತಾರೆ?’ ಸರ್ಟಿಫಿಕೇಟ್ ಮಾಡಿಸಲು ಆಸ್ಪತ್ರೆಗೆ ಹೋಗಬೇಕು, ಯಾರು ಬರ್ತಾರೆ? ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಬೇಕು, ಯಾರು ಬರ್ತಾರೆ? ಹುಡುಗನನ್ನು ವಾರಕ್ಕೊಂದು ದಿನ ಫಿಸಿಯೋಥೆರಪಿಗೆ ಕರೆದುಕೊಂಡು ಬನ್ನಿ ಎಂದಿದ್ದಾರೆ, ಯಾರು ಕರ್ಕೊಂಡ್ ಹೋಗ್ತಾರೆ? ಜೊತೆಗೆ ಹೋದವರಿಗೆ ಅವತ್ತಿನ ಕೂಲಿ ಇಲ್ಲ. ಮಗ್ಗ ನಿಲ್ಲುತ್ತದೆ, ಹೂವು ಕೀಳದೆ ಉಳಿಯುತ್ತದೆ, ಹಸುವಿನ ಹಾಲು ಕರೆಯಲು ನೆರೆಮನೆಯವರನ್ನು ಕೇಳಬೇಕಾಗುತ್ತದೆ. ಸರ್ಕಾರದ ಆದೇಶಗಳನ್ನು ಓದಿದರೆ ಈ ಜೊತೆಗಾರ ಕಾಣುವುದು ಅಪರೂಪ. ಆದರೆ ಅವನೋ ಅವಳೋ ಇಲ್ಲದೆ ಹೋದರೆ ಆ ಆದೇಶಗಳಲ್ಲಿ ಒಂದೂ ಮನೆಯ ಹೊಸಿಲು ದಾಟುವುದಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಅಂಗವಿಕಲರಿಗೆ ಸಮುದಾಯದ ಆಸರೆ ಎಷ್ಟಿದೆ, ಹಕ್ಕಿಗಾಗಿ ದನಿ ಎತ್ತುವವರು ಎಲ್ಲಿದ್ದಾರೆ ಎಂದು ನೋಡಲು ಹೊರಟಾಗ ನನಗೆ ಸಿಕ್ಕ ಅಳತೆಗೋಲು ಈ ಪ್ರಶ್ನೆಯೇ.

ಜಿಲ್ಲೆಯ ಭೂಗೋಳವನ್ನು ಮೊದಲು ಹೇಳಬೇಕು, ಏಕೆಂದರೆ ಅರ್ಧ ಕಷ್ಟ ಅದರಲ್ಲೇ ಇದೆ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆ ಎರಡಾಗಿ ಗ್ರಾಮಾಂತರ ಜಿಲ್ಲೆ ಹುಟ್ಟಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಬೇರೆಯಾದ ಮೇಲೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕೇ ತಾಲ್ಲೂಕು ಉಳಿದವು. ಬೆಂಗಳೂರಿನ ಪಡುವಣದಿಂದ ಬಡಗಣವನ್ನು ಬಳಸಿ ಮೂಡಣದವರೆಗೆ ಹಬ್ಬಿರುವ ಈ ಜಿಲ್ಲೆಗೆ ಬಹಳ ವರ್ಷ ತನ್ನ ನೆಲದಲ್ಲಿ ಜಿಲ್ಲಾ ಕಚೇರಿಯೇ ಇರಲಿಲ್ಲ. ಜಿಲ್ಲಾಧಿಕಾರಿ ಕೂರುತ್ತಿದ್ದದ್ದು ಬೆಂಗಳೂರಿನ ನಡುವೆ. ಈಗ ದೇವನಹಳ್ಳಿ–ದೊಡ್ಡಬಳ್ಳಾಪುರ ರಸ್ತೆಯ ಚಪ್ಪರದಕಲ್ಲು ಬಳಿ ಜಿಲ್ಲಾಡಳಿತ ಭವನವಿದೆ. ಜಿಲ್ಲೆಯ ಹೆಸರನ್ನು ‘ಬೆಂಗಳೂರು ಉತ್ತರ’ ಎಂದು ಬದಲಿಸಲು 2025ರ ಜುಲೈನಲ್ಲಿ ಸಚಿವ ಸಂಪುಟ ತೀರ್ಮಾನವನ್ನೂ ಮಾಡಿದೆ. ನೆಲಮಂಗಲದ ಕಡೆಯಿಂದಾಗಲಿ ಹೊಸಕೋಟೆಯ ಕಡೆಯಿಂದಾಗಲಿ ಊರುಗೋಲು ಹಿಡಿದು ಹೊರಟವರಿಗೆ ಬೆಂಗಳೂರಿಗೆ ನೇರ ಬಸ್ಸು ಸಿಗುವಷ್ಟು ಸಲೀಸಾಗಿ ಚಪ್ಪರದಕಲ್ಲಿಗೆ ಸಿಗುವುದಿಲ್ಲ. ಬಸ್ಸು ಬದಲಿಸಬೇಕು; ಬಸ್ಸಿನ ಮೆಟ್ಟಿಲು ಎರಡು ಸಲ ಹತ್ತಿ ಎರಡು ಸಲ ಇಳಿಯಬೇಕು.

ಇನ್ನೊಂದು ಮಾತು. ಬೆಂಗಳೂರು ಹತ್ತಿರವಿದೆ ಎಂಬುದೇ ಈ ಜಿಲ್ಲೆಗೆ ಪೆಟ್ಟು ಕೊಟ್ಟಿದೆ. ನಿಮ್ಹಾನ್ಸ್ ಇದೆ, ದೊಡ್ಡ ಆಸ್ಪತ್ರೆಗಳಿವೆ, ಹೆಸರಾದ ಸಂಸ್ಥೆಗಳಿವೆ, ಒಂದೂವರೆ ಗಂಟೆಯ ದಾರಿ ಅಷ್ಟೆ ಎಂದು ಎಲ್ಲರೂ ಅಂದುಕೊಂಡರು. ಹಾಗಾಗಿ ತಾಲ್ಲೂಕುಗಳಲ್ಲಿ ಏನೂ ಗಟ್ಟಿಯಾಗಿ ಬೇರೂರಲಿಲ್ಲ. ಇಪ್ಪತ್ತು ವರ್ಷದ ಸೆರೆಬ್ರಲ್ ಪಾಲ್ಸಿ ಮಗನನ್ನು ಎತ್ತಿಕೊಂಡು ಹೋಗುವ ತಾಯಿಗೆ ಆ ಒಂದೂವರೆ ಗಂಟೆಯ ದಾರಿ ಇಡೀ ದಿನದ ದಾರಿ.

ಎಷ್ಟು ಜನರ ಮಾತು ಇದು? 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 9,90,923. ಅದೇ ಗಣತಿ ಕರ್ನಾಟಕದಲ್ಲಿ ಅಂಗವಿಕಲರು 13.24 ಲಕ್ಷ ಎಂದಿತು. ಜನಸಂಖ್ಯೆಯ ಶೇ 2ಕ್ಕಿಂತ ತುಸು ಹೆಚ್ಚು. ರಾಜ್ಯದ ಆ ಸರಾಸರಿಯನ್ನೇ ಹಿಡಿದರೂ ಈ ನಾಲ್ಕು ತಾಲ್ಲೂಕಿನಲ್ಲಿ ಇಪ್ಪತ್ತು ಸಾವಿರ ದಾಟುತ್ತಾರೆ. ಆದರೆ ಸರಾಸರಿಯೇ ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಗತ್ತಿನ ಶೇ 16ರಷ್ಟು ಜನರಿಗೆ ಗಣನೀಯ ಅಂಗವೈಕಲ್ಯವಿದೆ ಎಂದು ಅಂದಾಜಿಸಿತು. ಎರಡರ ನಡುವಿನ ಈ ಅಂತರಕ್ಕೆ ಅಳೆಯುವ ಕ್ರಮ ಬೇರೆಯಾಗಿರುವುದು ಒಂದು ಕಾರಣವಾದರೆ, ನಾವು ಹೇಳದೆ ಉಳಿಸಿಕೊಳ್ಳುವುದು ಇನ್ನೊಂದು. ಗಣತಿಗೆ ಬಂದ ಮೇಷ್ಟ್ರ ಮುಂದೆ ‘ನಮ್ಮುಡುಗಿಗೆ ಸ್ವಲ್ಪ ಮಾತು ತಡ, ಅಷ್ಟೆ’ ಎನ್ನುವ ಮನೆಗಳಿವೆ. ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ತಂಗಿಯ ಮೂರ್ಛೆರೋಗವನ್ನು ಮುಚ್ಚಿಡುವ ಮನೆಗಳಿವೆ. ಅವರನ್ನು ಬೈಯಲು ನನಗೆ ಮನಸ್ಸು ಬಾರದು. ಹೇಳಿಕೊಂಡರೆ ಆಸರೆ ಸಿಗುತ್ತದೆ ಎಂಬ ನಂಬಿಕೆಯನ್ನು ನಾವು ಅವರಿಗೆ ಕೊಟ್ಟಿಲ್ಲ.

ಹೆಸರಿನ ವಿಚಾರವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಕನ್ನಡದ ಹಳೆಯ ಪದಗಳು ನೇರ: ಕುಂಟ, ಕುರುಡ, ಕಿವುಡ, ಮೂಗ, ಹೆಳವ. ಎತ್ತಿನ ಮೇಲೆ ಕುಳಿತು ಬಂದು ಮನೆತನಗಳ ವಂಶಾವಳಿ ಹೇಳುವ ಹೆಳವರ ಹೆಸರೇ ಕಾಲಿಲ್ಲದವನೆಂಬ ಅರ್ಥದ್ದು. ಒಂದು ಸಮುದಾಯ ಅದನ್ನು ನಾಚಿಕೆಯಿಲ್ಲದೆ ಹೊತ್ತುಕೊಂಡಿದೆ. ಅದೇ ಪದಗಳನ್ನು ಊರಿನ ಕಟ್ಟೆಯ ಮೇಲೆ ಒಬ್ಬನ ಹೆಸರಿನ ಹಿಂದೆ ಅಂಟಿಸಿ ಕರೆಯುವಾಗ ಅವು ಬೈಗುಳ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 92ನೇ ಕಲಂ ಪ್ರಕಾರ ಸಾರ್ವಜನಿಕರ ಎದುರು ಬೇಕೆಂದೇ ಅವಮಾನಿಸಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಸರ್ಕಾರದ ಇಲಾಖೆ ‘ವಿಕಲಚೇತನ’ ಎನ್ನುತ್ತದೆ. ವಿಕಲವಾಗಿರುವುದು ಅಂಗವೇ ಹೊರತು ಚೇತನವಲ್ಲ ಎಂದು ಅದನ್ನು ಒಪ್ಪದವರು ಬಹಳ ಮಂದಿ. 2015ರ ಡಿಸೆಂಬರ್‌ನಲ್ಲಿ ಪ್ರಧಾನಿ ತಮ್ಮ ಬಾನುಲಿ ಮಾತಿನಲ್ಲಿ ‘ದಿವ್ಯಾಂಗ’ ಎಂಬ ಪದ ಸೂಚಿಸಿದರು. ದೈವತ್ವ ಬೇಡ, ಬಸ್ಸು ಹತ್ತಲು ಅನುಕೂಲ ಮಾಡಿಕೊಡಿ ಎಂದು ಹೋರಾಟಗಾರರು ಉತ್ತರಿಸಿದರು. ನಾನು ‘ಅಂಗವಿಕಲ’ ಎಂದೇ ಬರೆಯುತ್ತಿದ್ದೇನೆ. ಸಂಘಟನೆಗಳು ತಮ್ಮ ಬ್ಯಾನರಿನ ಮೇಲೆ ಹೆಚ್ಚಾಗಿ ಉಳಿಸಿಕೊಂಡಿರುವ ಪದ ಅದು.

ನಮ್ಮಲ್ಲಿ ಆಸರೆಯ ಹಳೆಯ ರೂಪಗಳು ಮನೆ ಮತ್ತು ಮಠ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಪುಟ್ಟರಾಜರನ್ನು ಬೆಳೆಸಿದರು, ಪುಟ್ಟರಾಜ ಗವಾಯಿಗಳು ನೂರಾರು ಕುರುಡ ಮಕ್ಕಳಿಗೆ ಸಂಗೀತವನ್ನು ಅನ್ನದ ದಾರಿ ಮಾಡಿಕೊಟ್ಟರು. ಜನ ಕೊಟ್ಟ ಕಾಣಿಕೆ ಮತ್ತು ನಾಟಕ ಕಂಪನಿಯ ಗಳಿಕೆ ಆ ಆಶ್ರಮವನ್ನು ನಡೆಸಿದವು. ಅಲ್ಲಿ ಜೊತೆಗಾರನೂ ಅಂಗವಿಕಲನೇ ಆಗಿದ್ದ ಎಂಬುದು ನನಗೆ ಬಹಳ ದೊಡ್ಡ ಸಂಗತಿ. ಮೈಸೂರಿನಲ್ಲಿ 1901ರಲ್ಲೇ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ ಶುರುವಾಗಿತ್ತು. ನೆಲಮಂಗಲದಿಂದ ತುಮಕೂರಿನ ದಾರಿ ಹಿಡಿದರೆ ಸಿಗುವ ಸಿದ್ಧಗಂಗಾ ಮಠದಲ್ಲೂ ಅಂಧ ಮಕ್ಕಳ ಶಾಲೆ ಇದೆ. ಇವೆಲ್ಲ ಮಗುವನ್ನು ಊರಿನಿಂದ ಕರೆದೊಯ್ದು ಸಾಕಿ ಓದಿಸುವ ಜಾಗಗಳು. ಊರಿನಲ್ಲೇ ಉಳಿದವರಿಗೆ ಮನೆಯೇ ಎಲ್ಲ.

ಅಂಗವಿಕಲರೇ ಸೇರಿ ಕಟ್ಟುವ ಸಂಸ್ಥೆಯ ಕಥೆ ಬೆಂಗಳೂರಿನಲ್ಲಿ 1959ರಿಂದ ಶುರುವಾಗುತ್ತದೆ. ಪೋಲಿಯೊದಿಂದ ಗಾಲಿಕುರ್ಚಿಗೆ ಬಂದ ಎನ್.ಎಸ್. ಹೇಮಾ ಆ ವರ್ಷ ಕಟ್ಟಿದ ಸಂಸ್ಥೆಯನ್ನು ಇಂದು ಎಲ್ಲರೂ ಎಪಿಡಿ ಎಂದು ಬಲ್ಲರು. ಲಿಂಗರಾಜಪುರದಲ್ಲಿ ಶಾಲೆ ಮತ್ತು ತರಬೇತಿ, ಜೀವನಬಿಮಾ ನಗರ ಹಾಗೂ ಕ್ಯಾಲಸನಹಳ್ಳಿಯಲ್ಲಿ ತೋಟಗಾರಿಕೆ ಕಲಿಕೆ. ಹೂವು ತರಕಾರಿ ಬೆಳೆಯುವ ನಮ್ಮ ಹಳ್ಳಿಗಳ ಹುಡುಗರಿಗೆ ಈ ತೋಟಗಾರಿಕೆ ಹೊಂದುವಷ್ಟು ಕಂಪ್ಯೂಟರ್ ತರಬೇತಿ ಹೊಂದುವುದಿಲ್ಲ ಎಂಬುದು ನನ್ನ ಎಣಿಕೆ. 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ, 1994ರಲ್ಲಿ ಮೊಬಿಲಿಟಿ ಇಂಡಿಯಾ, 1997ರಲ್ಲಿ ಸ್ವತಃ ದೃಷ್ಟಿ ಇಲ್ಲದ ಮಹಾಂತೇಶ್ ಕಿವಡಸಣ್ಣವರ್ ಕಟ್ಟಿದ ಸಮರ್ಥನಂ, 1999ರಲ್ಲಿ ಎನೇಬಲ್ ಇಂಡಿಯಾ ಬಂದವು. ಗಾಲಿಕುರ್ಚಿಯ ಮೇಲೆ ಅಥ್ಲೆಟಿಕ್ಸ್ ಗೆದ್ದ ಮಾಲತಿ ಹೊಳ್ಳ ಮಾತೃ ಫೌಂಡೇಶನ್ ಕಟ್ಟಿ ಹಳ್ಳಿ ಮಕ್ಕಳನ್ನು ಸಾಕಿ ಓದಿಸಿದರು. ಎಲ್ಲವೂ ಬೆಂಗಳೂರಿನ ಒಳಗೆ. ಎಪ್ಪತ್ತರ ದಶಕದ ಕೊನೆಯಿಂದ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದ ‘ಸಮುದಾಯ ಆಧಾರಿತ ಪುನರ್ವಸತಿ’ ಎಂಬ ವಿಚಾರ, ಅಂದರೆ ಜನರನ್ನು ಸಂಸ್ಥೆಗೆ ಕರೆಯದೆ ಸಂಸ್ಥೆಯೇ ಹಳ್ಳಿಗೆ ಹೋಗಬೇಕೆಂಬುದು, ಇಲ್ಲಿ ಸರ್ಕಾರದ ರೂಪ ಪಡೆಯಲು ಇನ್ನೂ ಸುಮಾರು ಮೂವತ್ತು ವರ್ಷ ಬೇಕಾಯಿತು.

ಆ ರೂಪದ ಹೆಸರು ವಿಆರ್‌ಡಬ್ಲ್ಯು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪೂರ್ಣ ಹೆಸರನ್ನು ಊರಲ್ಲಿ ಯಾರೂ ಹೇಳುವುದಿಲ್ಲ. 2007–08ರ ಹೊತ್ತಿಗೆ ಕರ್ನಾಟಕ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಆ ಊರಿನ ಓದು ಬಲ್ಲ ಅಂಗವಿಕಲರನ್ನೇ ಗೌರವಧನದ ಮೇಲೆ ನೇಮಿಸಿತು. ತಾಲ್ಲೂಕಿಗೆ ಒಬ್ಬ ಎಂಆರ್‌ಡಬ್ಲ್ಯು, ಪಟ್ಟಣಗಳಿಗೆ ಯುಆರ್‌ಡಬ್ಲ್ಯು. ಈ ಜಿಲ್ಲೆಯಲ್ಲಿ ಸುಮಾರು ನೂರು ಗ್ರಾಮ ಪಂಚಾಯಿತಿಗಳಿವೆ. ಅಷ್ಟೇ ಸಂಖ್ಯೆಯ ಕಾರ್ಯಕರ್ತರು ಇರಬೇಕಾದ ಲೆಕ್ಕ. ನಾನು ನೋಡಿದ ಯೋಜನೆಗಳಲ್ಲಿ ಇದಕ್ಕಿಂತ ಸರಿಯಾದ ಕಡೆ ಕೈಯಿಟ್ಟದ್ದು ಇನ್ನೊಂದಿಲ್ಲ. ‘ಜೊತೆಗೆ ಯಾರು ಬರ್ತಾರೆ’ ಎಂಬ ಪ್ರಶ್ನೆಗೆ ಸರ್ಕಾರ ಮೊದಲ ಸಲ ಒಬ್ಬ ಮನುಷ್ಯನನ್ನು ಉತ್ತರವಾಗಿ ಕೊಟ್ಟಿತು, ಆ ಮನುಷ್ಯನಿಗೂ ಅದೇ ಕಷ್ಟ ಗೊತ್ತಿತ್ತು.

ಅವರ ಒಂದು ವಾರ ಹೇಗಿರುತ್ತದೆ ನೋಡಿ. ಪಕ್ಕಚಕ್ರ ಕಟ್ಟಿದ ಸ್ಕೂಟರಿನಲ್ಲಿ ಊರೂರು ತಿರುಗಿ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿಸಬೇಕು. ಫೋಟೊ ಸರಿಯಿಲ್ಲ, ಆಧಾರ್‌ನಲ್ಲಿ ಹೆಸರಿನ ಅಕ್ಷರ ಬೇರೆ, ಮೊಬೈಲ್ ನಂಬರ್ ಯಾರದೋ. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಯಾವ ದಿನ, ಕಿವಿ ಡಾಕ್ಟರು ಯಾವ ದಿನ ಎಂದು ಕೇಳಿಟ್ಟುಕೊಂಡು ಜನರನ್ನು ಕಳಿಸಬೇಕು. ಸರ್ಟಿಫಿಕೇಟ್ ಬಂದ ಮೇಲೆ ನಾಡಕಚೇರಿಯಲ್ಲಿ ಪಿಂಚಣಿ ಅರ್ಜಿ, ಮುಂದೆ ಬಸ್ ಪಾಸ್. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ ನೂರು ಕಿಲೋಮೀಟರ್ ವರೆಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಓಡಾಡಬಹುದು. ಈ ಜಿಲ್ಲೆಯವರಿಗೆ ಅಷ್ಟರೊಳಗೆ ಬೆಂಗಳೂರು, ತುಮಕೂರು, ಕೋಲಾರ ಎಲ್ಲ ಸಿಗುತ್ತವೆ, ನಿಜಕ್ಕೂ ಉಪಕಾರ. ಪಿಂಚಣಿ ಯಾರಿಗೋ ನಿಂತರೆ ಮೊದಲು ಬರುವ ಫೋನು ಇವರಿಗೇ. ‘ಅಣ್ಣಾ, ಈ ತಿಂಗಳು ದುಡ್ಡು ಬಿದ್ದಿಲ್ಲ.’ ಪಂಚಾಯಿತಿಯವರು ಇವರಿಗೆ ಬೇರೆ ಬರವಣಿಗೆ ಕೆಲಸವನ್ನೂ ಹೊರಿಸುತ್ತಾರೆ ಎಂಬ ದೂರು ಸಾಮಾನ್ಯ. ಗೌರವಧನ ಸಂಬಳವಲ್ಲ, ರಜೆ ಇಲ್ಲ, ನಿವೃತ್ತಿ ಸೌಲಭ್ಯ ಇಲ್ಲ. ಕೆಲಸ ಕಾಯಂ ಮಾಡಿ ಎಂದು ರಾಜ್ಯದ ಕಾರ್ಯಕರ್ತರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತಿದ್ದಾರೆ. ಜನರಿಗೆ ಆಸರೆಯಾಗಬೇಕಾದವರೇ ಆಸರೆ ಕೇಳಿ ಬೀದಿಯಲ್ಲಿ ಕೂರಬೇಕಾಗಿ ಬಂದದ್ದು ಸಣ್ಣ ತಪ್ಪಲ್ಲ. ಇವರನ್ನು ಕಾಯಂ ಮಾಡಬೇಕು, ಅಂಗವಿಕಲರ ಕೆಲಸವನ್ನು ಬಿಟ್ಟು ಬೇರೆ ಕೆಲಸ ಹೇಳಬಾರದು. ಈ ಲೇಖನದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟೇ.

ಕಾನೂನು ಬೆಳೆದಿದೆ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯ ಗುರುತಿಸಿತ್ತು. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಹಕ್ಕುಗಳ ಒಡಂಬಡಿಕೆಗೆ ಭಾರತ 2007ರಲ್ಲಿ ಸಮ್ಮತಿ ಕೊಟ್ಟ ಮೇಲೆ, ಹೋರಾಟಗಾರ ಜಾವೇದ್ ಆಬಿದಿಯಂಥವರು ದೆಹಲಿಯಲ್ಲೂ ನಾನಾ ಸಂಘಟನೆಗಳು ರಾಜ್ಯಗಳಲ್ಲೂ ವರ್ಷಗಟ್ಟಲೆ ಒತ್ತಾಯಿಸಿ 2016ರ ಕಾಯ್ದೆ ಬಂತು. ಅದರಲ್ಲಿ 21 ಬಗೆ: ಆಟಿಸಂ, ಥಲಸ್ಸೇಮಿಯಾ, ಪಾರ್ಕಿನ್ಸನ್, ಆಸಿಡ್ ದಾಳಿಗೆ ಒಳಗಾದವರು ಕೂಡ. ಸರ್ಕಾರಿ ಕೆಲಸದಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲು. ಇವಕ್ಕೆಲ್ಲ ಬಾಗಿಲು ಒಂದೇ, ಸರ್ಟಿಫಿಕೇಟಿನಲ್ಲಿ ಶೇ 40 ಅಂಗವೈಕಲ್ಯ. ಹಾಗಾಗಿ ಊರಿನಲ್ಲಿ ಎರಡು ಮನೆಯವರು ಎದುರಾದರೆ ಕೇಳಿಕೊಳ್ಳುವುದು ‘ನಿಮ್ಮುಡುಗಂಗೆ ಎಷ್ಟು ಪರ್ಸೆಂಟ್ ಬಂತು?’ ಎಂದು. ಮಗುವಿನ ಕಾಲು ಎಷ್ಟು ಸರಿಹೋಯಿತು ಎಂಬ ಮಾತಿಗಿಂತ ಈ ಲೆಕ್ಕ ಮುಂದೆ ಬಂದುಬಿಟ್ಟಿದೆ.

ಪಿಂಚಣಿಯ ಲೆಕ್ಕವನ್ನೂ ಇಡುತ್ತೇನೆ. ಕರ್ನಾಟಕದಲ್ಲಿ ಶೇ 40ರಿಂದ 75ರೊಳಗಿನವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕೆ ಮೇಲಿನವರಿಗೆ 1,400, ತೀವ್ರ ಬೌದ್ಧಿಕ ಅಂಗವೈಕಲ್ಯಕ್ಕೆ 2,000. ಇದರಲ್ಲಿ ಕೇಂದ್ರದ ಪಾಲು ಅತಿ ತೀವ್ರ ವೈಕಲ್ಯದ ಬಡವರಿಗೆ ಮಾತ್ರ, ಅದೂ 300 ರೂಪಾಯಿ. ಹತ್ತು ವರ್ಷಕ್ಕೂ ಮೇಲಾಯಿತು ಬದಲಾಗಿಲ್ಲ. ದೊಡ್ಡಬಳ್ಳಾಪುರದಲ್ಲಿ ರೈಲು ಹತ್ತಿ ಗೌರಿಬಿದನೂರು ದಾಟಿದರೆ ಹಿಂದೂಪುರ. ಈ ಭಾಗದ ಎಷ್ಟೋ ಮನೆಗಳಿಗೆ ಅಲ್ಲಿ ನೆಂಟರಿದ್ದಾರೆ. ಆಂಧ್ರಪ್ರದೇಶ ಸರ್ಕಾರ 2024ರ ಜುಲೈನಿಂದ ಅಂಗವಿಕಲರ ಪಿಂಚಣಿಯನ್ನು 6,000 ರೂಪಾಯಿಗೆ, ಹಾಸಿಗೆ ಹಿಡಿದವರಿಗೆ 15,000ಕ್ಕೆ ಏರಿಸಿತು. ಒಂದೇ ಮನೆತನದ ಇಬ್ಬರು ಸೋದರಸಂಬಂಧಿಗಳು, ಇಬ್ಬರಿಗೂ ಪೋಲಿಯೊ, ರಾಜ್ಯದ ಗಡಿಯ ಆಚೆ ಈಚೆ ಇದ್ದರೆ ಇಬ್ಬರ ಬದುಕಿನ ಅಂತರ ಎಷ್ಟೆಂದು ಯೋಚಿಸಿ. ಹಣಕಾಸಿನ ಕಷ್ಟ ಎಲ್ಲ ಸರ್ಕಾರಕ್ಕೂ ಇದೆ. ಆದರೆ 800 ರೂಪಾಯಿಯಲ್ಲಿ ಒಂದು ತಿಂಗಳು ಕಳೆಯಬಹುದು ಎಂದು ಯಾರೂ ಮನಸ್ಸಿನಿಂದ ಹೇಳಲಾರರು.

ಇನ್ನು ಜೊತೆಗಾರನ ಕಡೆಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲವಾಯಿತು. ಅಂಗವಿಕಲರಿಗೆಂದು ಮಾಡಿದ ಯೋಜನೆ ಅಲ್ಲ ಅದು. ಆದರೂ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ತಾಯಿ, ಅಜ್ಜಿ, ಅಕ್ಕನ ಬಸ್ ಚಾರ್ಜು ಉಳಿದು, ತಿಂಗಳಿಗೆ ಒಂದು ಸಲ ಹೋಗುತ್ತಿದ್ದ ಕಡೆಗೆ ಎರಡು ಸಲ ಹೋಗುವ ಧೈರ್ಯ ಬಂತು. ಅದರ ಜೊತೆಗೇ ‘ನಿನಗೆ ಫ್ರೀ ಅಲ್ಲವಾ, ನೀನೇ ಹೋಗು’ ಎಂದು ಗಂಡಸರು ಹಿಂದೆ ಸರಿಯುವುದೂ ಹೆಚ್ಚಿತು. ಆರೈಕೆಯ ಭಾರ ಮೊದಲೂ ಹೆಂಗಸರ ಮೇಲಿತ್ತು, ಈಗ ಇನ್ನಷ್ಟು ಗಟ್ಟಿಯಾಗಿ ಕೂತಿದೆ.

2016ರ ಕಾಯ್ದೆಯ 24ನೇ ಕಲಂ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡಬೇಕು ಎನ್ನುತ್ತದೆ. ಕರ್ನಾಟಕ ತನ್ನ 2024–25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಮೊತ್ತ ಸಣ್ಣದು, ನಾಲ್ಕೇ ಸ್ಥಿತಿಗಳಿಗೆ. ಆದರೂ ಜೊತೆಗಾರ ಇದ್ದಾನೆಂದು ಬಜೆಟ್ ಪುಸ್ತಕದಲ್ಲಿ ಒಂದು ಸಾಲು ಬಂತು. ಬುದ್ಧಿಮಾಂದ್ಯ ಮಕ್ಕಳ ತಾಯಂದಿರು, ತೀವ್ರ ಮಾನಸಿಕ ಕಾಯಿಲೆಯವರ ಮನೆಯವರು ಆ ಸಾಲಿನ ಹೊರಗೇ ಇದ್ದಾರೆ.

ಇಲ್ಲಿ ಕೇರಳದ ಕಾಸರಗೋಡನ್ನು ನೆನೆಯಲೇಬೇಕು. ಅಲ್ಲಿನ ಸರ್ಕಾರಿ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ, ಎಣ್ಮಕಜೆ, ಪಡ್ರೆಯ ಕಡೆಯ ಕನ್ನಡ ತುಳು ಮನೆಗಳಲ್ಲಿ ಏಳಲಾರದ ಮಕ್ಕಳನ್ನು ಬಿಟ್ಟುಹೋಯಿತು. ಒಂದೊಂದು ಮನೆಯೂ ತನ್ನ ಹಣೆಬರಹ, ನಾಗದೋಷ ಎಂದು ಒಳಗೇ ಅಳುತ್ತಿದ್ದಾಗ ಸ್ಥಳೀಯ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀಪಡ್ರೆ, ನ್ಯಾಯಾಲಯಕ್ಕೆ ಹೋದ ಲೀಲಾಕುಮಾರಿ ಅಮ್ಮ ಇವರೆಲ್ಲ ಅದು ಮನೆಯ ದೋಷವಲ್ಲ, ಊರಿಗೆ ಆದ ಅನ್ಯಾಯ ಎಂದು ತೋರಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಅಲ್ಲಿ ಗ್ರಾಮ ಪಂಚಾಯಿತಿಗಳೇ ಬೌದ್ಧಿಕ ಅಂಗವೈಕಲ್ಯದ ಮಕ್ಕಳಿಗೆ ‘ಬಡ್ಸ್’ ಶಾಲೆಗಳನ್ನು ನಡೆಸುತ್ತವೆ. ಬೆಳಿಗ್ಗೆ ವ್ಯಾನ್ ಬಂದು ಮಗುವನ್ನು ಕರೆದೊಯ್ಯುತ್ತದೆ, ತಾಯಿ ಕೂಲಿಗೆ ಹೋಗಬಹುದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಸಹಾಯಧನ ಬಹು ಹಿಂದೆಯೇ ಬಂದಿದೆ. ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತು ಮಗುವಿಗೆ ಮಾತು ಬರಲೆಂದು ಕಾಯುವ ನಮ್ಮ ಮನೆಗಳನ್ನು ಕಂಡಾಗ ನನಗೆ ಪಡ್ರೆ ನೆನಪಾಗುತ್ತದೆ. ಹರಕೆ ತಪ್ಪಲ್ಲ, ಅದು ಆ ತಾಯಿಯ ಧೈರ್ಯ. ಆದರೆ ಎರಡು ವರ್ಷದೊಳಗೆ ಕಿವಿ ಪರೀಕ್ಷೆ ಆಗದೆ ಹೋದರೆ ಮಾತು ಕಲಿಯುವ ವಯಸ್ಸು ಕೈಜಾರುತ್ತದೆ ಎಂದು ಅಂಗನವಾಡಿ ಅಕ್ಕನೋ ಆಶಾ ಕಾರ್ಯಕರ್ತೆಯೋ ಅದೇ ವಾರ ಹೇಳಬೇಕು.

ಶಾಲೆಯ ವಿಚಾರ ಅರ್ಧ ಸಮಾಧಾನದ್ದು. ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಐಇಆರ್‌ಟಿ ಎಂದು ಕರೆಯುವ ವಿಶೇಷ ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣವೆಂದು ಮನೆಗೇ ಹೋಗುತ್ತಾರೆ. ಇಡೀ ತಾಲ್ಲೂಕಿಗೆ ಕೈಬೆರಳೆಣಿಕೆಯ ಶಿಕ್ಷಕರು, ಮಕ್ಕಳು ಊರೂರಿಗೂ. ಹಾಗಾಗಿ ಒಂದು ಮನೆಗೆ ಮೇಷ್ಟ್ರು ಮತ್ತೆ ಬರುವ ಹೊತ್ತಿಗೆ ಕಲಿಸಿದ್ದು ಮರೆತಿರುತ್ತದೆ.

ಶಾಲೆಯ ಇಳಿಜಾರಿಗೆ ಒಂದು ಕಥೆ ಇದೆ. ನಮ್ಮ ಹಳ್ಳಿಯ ಶಾಲೆಗಳೇ ಮತಗಟ್ಟೆಗಳು. ಮತಗಟ್ಟೆಗೆ ಇಳಿಜಾರು ಬೇಕೆಂದು ಹೋರಾಟಗಾರರು ಕೇಳಿ, 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಚುನಾವಣಾ ಆಯೋಗ ಅದನ್ನು ಹಿಡಿದುಕೊಂಡ ಮೇಲೆ ಬಾಗಿಲ ಮುಂದೆ ಸಿಮೆಂಟು ಬಿತ್ತು. ಐದು ವರ್ಷಕ್ಕೊಮ್ಮೆ ಓಟು ಹಾಕುವವರಿಗಾಗಿ ಬಂದದ್ದು ದಿನವೂ ಬರುವ ಮಗುವಿಗೆ ದಕ್ಕಿತು. ಆದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇಳಿಜಾರು ಇರಬೇಕೆಂಬುದು ಲೆಕ್ಕ. ಎಷ್ಟೋ ಕಡೆ ನಾಲ್ಕು ಅಡಿಯಲ್ಲಿ ಮುಗಿಸಿದ್ದಾರೆ. ಅದರ ಮೇಲೆ ಗಾಲಿಕುರ್ಚಿ ಹತ್ತಿಸಲು ಇಬ್ಬರು ಹಿಂದಿನಿಂದ ತಳ್ಳಬೇಕು. ಮತ್ತದೇ ಜೊತೆಗಾರನ ಪ್ರಶ್ನೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಅನುಕೂಲಗಳ ನಿಯಮ ಬರೀ ಸಲಹೆಯಾಗಿ ಇರಬಾರದು, ಕಡ್ಡಾಯವಾಗಬೇಕು ಎಂದು ಹೇಳಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಶೇ 40 ದಾಟಿದ ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವೂ ಬಂತು. ಆಗ ಅಧಿಕಾರಿಗಳೇ ಪೆಟ್ಟಿಗೆ ಹೊತ್ತು ಹಾಸಿಗೆಯ ಪಕ್ಕಕ್ಕೆ ಬಂದರು. ಓಟಿಗೆ ಬರಲು ಸಾಧ್ಯವಾದವರಿಗೆ ಪಿಂಚಣಿಯ ಪರಿಶೀಲನೆಗೂ ಹಾಗೆಯೇ ಬರಲು ಸಾಧ್ಯ.

ಗ್ರಾಮ ಪಂಚಾಯಿತಿ ತನ್ನ ಸ್ವಂತ ವರಮಾನದ ಶೇ 5ನ್ನು ಅಂಗವಿಕಲರಿಗೆ ಎತ್ತಿಡಬೇಕು. ವಿಮಾನ ನಿಲ್ದಾಣ, ಗೋದಾಮು, ಕಾರ್ಖಾನೆ, ಲೇಔಟುಗಳಿಂದ ತೆರಿಗೆ ಬರುವ ಪಂಚಾಯಿತಿಗಳು ಈ ಜಿಲ್ಲೆಯಲ್ಲಿವೆ. ರಾಜ್ಯದ ಬೇರೆ ಕಡೆಯ ಬಡ ಪಂಚಾಯಿತಿಗಳ ಶೇ 5ಕ್ಕೂ ಇಲ್ಲಿನ ಶೇ 5ಕ್ಕೂ ಹೋಲಿಕೆಯೇ ಇಲ್ಲ. ಆ ಹಣ ಎಲ್ಲಿಗೆ ಹೋಗಬೇಕೆಂದು ಹೇಳುವ ಜಾಗ ವಿಕಲಚೇತನರ ಸಮನ್ವಯ ಗ್ರಾಮಸಭೆ. ಜನ ಬಂದು ಕೇಳಿದ ಕಡೆ ಕಿವಿಯ ಯಂತ್ರ, ಶೌಚಾಲಯದ ಹಿಡಿಕೆ, ಔಷಧದ ಖರ್ಚು ಆಗಿದೆ. ಯಾರೂ ಬಾರದ ಕಡೆ ವರ್ಷದ ಕೊನೆಗೆ ಅವಸರದಲ್ಲಿ ಒಂದಿಷ್ಟು ಸಾಮಾನು ಹಂಚಿ ಲೆಕ್ಕ ಮುಗಿಸುತ್ತಾರೆ. ‘ಕರ್ನಾಟಕ ರಾಜ್ಯ ಅಂಗವಿಕಲರ ಮತ್ತು ಪಾಲಕರ ಒಕ್ಕೂಟ’ದಂಥ ಸಂಘಟನೆಗಳು ಈ ಶೇ 5ರ ಹಿಂದೆ ಬಿದ್ದಿರುವುದಕ್ಕೆ ಕಾರಣ ಇದೇ. ಆ ಹೆಸರಿನಲ್ಲಿ ‘ಪಾಲಕರು’ ಇರುವುದನ್ನು ಗಮನಿಸಿ. ‘ಅನುಕಂಪ ಬೇಡ, ಅವಕಾಶ ಕೊಡಿ’ ಎಂಬ ಘೋಷಣೆ ಮಾತಾಡಬಲ್ಲವರದ್ದು. ಮಾತಾಡಲಾಗದ ಮಗುವಿನ ಪರವಾಗಿ ತಾಯಿ ಗ್ರಾಮಸಭೆಯಲ್ಲಿ ಎದ್ದು ನಿಲ್ಲುವುದೂ ಹೋರಾಟವೇ. ಎರಡು ಕೈ, ಎರಡು ಕಾಲು ಕಳೆದುಕೊಂಡೂ ರಾಜ್ಯದ ಅಂಗವಿಕಲರ ಆಯುಕ್ತರಾಗಿ ದುಡಿದ, 2024ರಲ್ಲಿ ಪದ್ಮಶ್ರೀ ಪಡೆದ ಕೆ.ಎಸ್. ರಾಜಣ್ಣನವರಂಥವರನ್ನು ಮಕ್ಕಳಿಗೆ ತೋರಿಸಬೇಕು, ನಿಜ. ಅವರೊಬ್ಬರ ಛಲವನ್ನು ತೋರಿಸಿ ಉಳಿದವರೂ ಹಾಗೇ ಏಕೆ ಆಗಲಿಲ್ಲ ಎಂದು ಮಾತ್ರ ಕೇಳಬಾರದು.

ದುಡಿಮೆಯಲ್ಲಿ ಈ ಜಿಲ್ಲೆಗೆ ಅವಕಾಶ ಹೆಚ್ಚು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗ, ಅಪೆರಲ್ ಪಾರ್ಕ್, ದಾಬಸ್‌ಪೇಟೆ ಮತ್ತು ಹೊಸಕೋಟೆಯ ಕಾರ್ಖಾನೆಗಳಿವೆ. ಗಾರ್ಮೆಂಟ್ಸ್‌ಗಳು ಕಿವುಡ ಯುವಕ ಯುವತಿಯರನ್ನು ತೆಗೆದುಕೊಳ್ಳುತ್ತವೆ. ಯಂತ್ರದ ಗದ್ದಲ ಅವರಿಗೆ ತೊಡಕಲ್ಲ. ಸಂಜ್ಞಾ ಭಾಷೆ ಬಲ್ಲ ಒಬ್ಬ ಸೂಪರ್‌ವೈಸರ್ ಇದ್ದರೆ ಅವರು ಉಳಿಯುತ್ತಾರೆ, ಇಲ್ಲದಿದ್ದರೆ ಆರು ತಿಂಗಳಿಗೆ ಬಿಡುತ್ತಾರೆ. ಉದ್ಯೋಗ ಖಾತ್ರಿಯಲ್ಲಿ ಅಂಗವಿಕಲರು ಅರ್ಧ ಕೆಲಸಕ್ಕೆ ಪೂರ್ತಿ ಕೂಲಿ ಪಡೆಯಬಹುದೆಂಬ ನಿಯಮವಿತ್ತು. ಅದನ್ನು ಬಳಸಿಕೊಂಡವರು ಸ್ವಲ್ಪ. ಅಂಗವೈಕಲ್ಯದ ಮುಖವೂ ಬದಲಾಗಿದೆ. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತವೆಂದು ಘೋಷಿತವಾದ ಈ ದೇಶದಲ್ಲಿ ಕ್ಯಾಲಿಪರ್ ತೊಟ್ಟ ಮಕ್ಕಳು ಈಗ ಕಾಣುವುದಿಲ್ಲ. ಆ ಜಾಗಕ್ಕೆ ಬೈಕಿನಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಇಪ್ಪತ್ತೈದರ ಹುಡುಗರು ಬಂದಿದ್ದಾರೆ. ತುಮಕೂರು ರಸ್ತೆ, ಬಳ್ಳಾರಿ ರಸ್ತೆ, ಹಳೇ ಮದ್ರಾಸು ರಸ್ತೆ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ದಾಟಿ ಹೊಸಕೋಟೆಗೆ ಹೋಗುವ ಹೊಸ ವರ್ತುಲ ರಸ್ತೆ, ಎಲ್ಲವೂ ಈ ಜಿಲ್ಲೆಯ ಮೈಮೇಲೆ ಹಾದಿವೆ. ಬೆನ್ನುಹುರಿ ಪೆಟ್ಟಾದವನಿಗೆ ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಆರು ತಿಂಗಳು ಹಾಸಿಗೆ ಹುಣ್ಣು ತಡೆಯುವುದನ್ನು ಕಲಿಸುವವರು ಬೇಕು. ಅದನ್ನು ಕಲಿಸಬಲ್ಲ ವ್ಯಕ್ತಿ ತಾಲ್ಲೂಕಿಗೆ ಒಬ್ಬರಾದರೂ ಇದ್ದರೆ ಎಷ್ಟೋ ಜೀವ ಉಳಿದಾವು.

ಮಾನಸಿಕ ಕಾಯಿಲೆಯ ಬಗ್ಗೆ ಒಂದೇ ಮಾತು. 2014ರಿಂದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಾಯಿತು. ನಿಮ್ಹಾನ್ಸ್‌ನ ಸಾಲು ತಪ್ಪಿತು. ಒಂದು ಮಂಗಳವಾರ ತಪ್ಪಿದರೆ ಮಾತ್ರೆ ತಪ್ಪುತ್ತದೆ, ಮಾತ್ರೆ ತಪ್ಪಿದರೆ ಮತ್ತೆ ಮೊದಲಿಗೆ.

ಕೊನೆಗೆ ಜಮೀನು. ಇದನ್ನು ಬೇರೆ ಜಿಲ್ಲೆಯವರು ಬರೆಯಬೇಕಾಗಿಲ್ಲ, ನಾವು ಬರೆಯಲೇಬೇಕು. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ನೆಲಕ್ಕೆ ಬಂದ ಬೆಲೆ ಎಲ್ಲರಿಗೂ ಗೊತ್ತು. ಮನೆಮನೆಯಲ್ಲೂ ವಿಭಾಗ ಪತ್ರಗಳಾದವು. ಹಳೆಯ ಧರ್ಮಶಾಸ್ತ್ರ ಹುಟ್ಟುಗುರುಡ, ಕಿವುಡ, ಬುದ್ಧಿವಿಕಲರಿಗೆ ಅನ್ನ ಬಟ್ಟೆ ಕೊಡಿ, ಪಾಲು ಬೇಡ ಎಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಂ ಅದನ್ನು ತೆಗೆದುಹಾಕಿ, ಯಾವ ರೋಗ, ಊನ, ವಿಕಾರದ ಕಾರಣಕ್ಕೂ ಯಾರೂ ಆಸ್ತಿಯಿಂದ ಹೊರಗಾಗುವುದಿಲ್ಲ ಎಂದಿತು. ಆದರೂ ‘ಅವನನ್ನ ನಾವೇ ನೋಡ್ಕೋತೀವಲ್ಲ, ಅವನಿಗ್ಯಾಕೆ ಪಾಲು’ ಎಂಬ ಮಾತಿನಲ್ಲಿ ಹಳೆಯ ಶಾಸ್ತ್ರ ಇನ್ನೂ ಬದುಕಿದೆ. ನೋಡಿಕೊಳ್ಳುವ ಅಣ್ಣ ತೀರಿಕೊಂಡ ದಿನ, ಅತ್ತಿಗೆಗೂ ವಯಸ್ಸಾದ ದಿನ ಅವನ ಹೆಸರಿನಲ್ಲಿ ಒಂದು ಗುಂಟೆಯೂ ಇರುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಸ್ಥಳೀಯ ಸಮಿತಿ ಇದೆ. ಪೋಷಕರು ಆ ವ್ಯಕ್ತಿಯ ಆಸ್ತಿಯ ಲೆಕ್ಕವನ್ನು ಸಮಿತಿಗೆ ಒಪ್ಪಿಸಬೇಕು. ಅದೇ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಕೊಡುತ್ತದೆ. ಇವೆರಡನ್ನೂ ಬಲ್ಲ ವಿಆರ್‌ಡಬ್ಲ್ಯು ಒಬ್ಬ ಊರಿನಲ್ಲಿದ್ದರೆ, ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೊರಡುವ ಮುಂಚೆ ಆ ಮನೆಯ ಜಗುಲಿಯಲ್ಲಿ ಕುಳಿತು ಮಾತಾಡಬಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟಿದ್ದಾರೆ. ಮನೆಗೆ ಬರುವವರು ನಮ್ಮೂರಿನ ಶಾಲೆಯ ಮೇಷ್ಟ್ರು, ಮೇಡಂ. ಅವರು ಬರುವ ಹಿಂದಿನ ವಾರವೇ ವಿಆರ್‌ಡಬ್ಲ್ಯುಗಳು, ಅಂಗನವಾಡಿಯವರು, ಸ್ವಸಹಾಯ ಸಂಘದ ಹೆಂಗಸರು ಒಂದು ಸುತ್ತು ಹಾಕಿ, ಒಳಕೋಣೆಯಲ್ಲಿ ಇರುವವರ ಹೆಸರನ್ನೂ ಹೇಳಿ ಎಂದು ಮನೆಯವರಿಗೆ ತಿಳಿಸಬಹುದು. ಅಂಗವೈಕಲ್ಯದ ಪ್ರಶ್ನೆ ಬಂದಾಗ ಮೇಷ್ಟ್ರು ಮೊಬೈಲ್ ಹಿಡಿದು ಕಾಯಲಿ, ಅವಸರ ಮಾಡದಿರಲಿ. ತಾಯಿ ಒಳಗೆ ಹೋಗಿ ಮಗಳನ್ನು ಕೈಹಿಡಿದು ಹೊರಗೆ ಕರೆತರಲು ಸ್ವಲ್ಪ ಹೊತ್ತು ಬೇಕಾಗುತ್ತದೆ.